ಹರಳು ಹಾಕಿದ್ರೂ ಕಳೆ ಯಾಕೆ ಬಂತು? ಗದ್ದೆಯ ನೀರು ನೋಡಿ

ನಾಟಿ ಮುಗಿಸಿ ಮೂರನೇ ದಿನಕ್ಕೆ ಹರಳು ಕಳೆನಾಶಕ ಎರಚಿದ್ದೀರಿ. ಹದಿನೈದು ದಿನ ಬಿಟ್ಟು ನೋಡಿದ್ರೆ ಗದ್ದೆಯ ಒಂದು ಮೂಲೆ ಸ್ವಚ್ಛ, ಇನ್ನೊಂದು ಮೂಲೆಯಲ್ಲಿ ಜೇಕು, ಹುಲ್ಲು ಭತ್ತದ ಸಮಕ್ಕೆ ನಿಂತಿವೆ. ಅಂಗಡಿಯಲ್ಲಿ ಕೇಳಿದ್ರೆ "ಮುಂದಿನ ಸಲ ಬೇರೆ ಕಂಪನಿದು ಹಾಕಿ" ಅಂತಾರೆ. ಆದರೆ ಒಂದೇ ಚೀಲದ ಔಷಧಿ ಅರ್ಧ ಗದ್ದೆಯಲ್ಲಿ ಕೆಲಸ ಮಾಡಿ ಇನ್ನರ್ಧದಲ್ಲಿ ಮಾಡಿಲ್ಲ ಅಂದ್ರೆ, ಮೊದಲು ಅನುಮಾನ ಪಡಬೇಕಾದ್ದು ನೀರಿನ ಮೇಲೆ.

ನಮ್ಮಲ್ಲಿ ನಾಟಿ ಭತ್ತಕ್ಕೆ ಹೆಚ್ಚಾಗಿ ಬಳಸುವ ಹರಳು ಬೆನ್‌ಸಲ್ಫ್ಯೂರಾನ್ ಮೀಥೈಲ್ 0.6% ಮತ್ತು ಪ್ರೆಟಿಲಾಕ್ಲೋರ್ 6% ಸೇರಿದ ಮಿಶ್ರಣ. ಎಕರೆಗೆ 4 ಕಿಲೋ, ನಾಟಿ ಮಾಡಿದ ಮೂರು ದಿನದೊಳಗೆ. ಒಂದು ಲೆಕ್ಕ ಹಾಕಿ ನೋಡಿ. ಆ 4 ಕಿಲೋದಲ್ಲಿ ನಿಜವಾದ ಔಷಧಿ ಇರೋದು 24 ಗ್ರಾಂ ಬೆನ್‌ಸಲ್ಫ್ಯೂರಾನ್, 240 ಗ್ರಾಂ ಪ್ರೆಟಿಲಾಕ್ಲೋರ್, ಒಟ್ಟು 264 ಗ್ರಾಂ. ಉಳಿದದ್ದು ಔಷಧಿಯನ್ನು ಹೊತ್ತು ತರುವ ಪುಡಿ ಅಷ್ಟೇ. ಇಷ್ಟು ಚೂರು ಔಷಧಿ ಇಡೀ ಎಕರೆಗೆ ಸಮನಾಗಿ ಹರಡಬೇಕು. ನಿಮ್ಮ ಕೈ ಎಷ್ಟೇ ಪಳಗಿದ್ರೂ ಆ ಕೆಲಸ ಕೈಯಿಂದ ಪೂರ್ತಿ ಆಗಲ್ಲ. ಅದನ್ನು ಮಾಡೋದು ನಿಂತ ನೀರು.

ಹರಳು ನೀರಿಗೆ ಬಿದ್ದ ಮೇಲೆ ಕರಗುತ್ತದೆ, ಔಷಧಿ ನೀರಿನಲ್ಲಿ ಅಕ್ಕಪಕ್ಕ ಹರಡುತ್ತದೆ, ನಿಧಾನಕ್ಕೆ ಇಳಿದು ಕೆಸರಿನ ಮೇಲ್ಪದರಕ್ಕೆ ಹಿಡಿದುಕೊಳ್ಳುತ್ತದೆ. ಅಲ್ಲೊಂದು ತೆಳುವಾದ ಔಷಧಿ ಪದರ ಆಗುತ್ತದೆ. ಕಳೆಬೀಜ ಮೊಳೆತು ಮೇಲೆ ಬರುವಾಗ ಆ ಪದರ ದಾಟಲೇಬೇಕು, ದಾಟುವಾಗ ಔಷಧಿ ಹೀರಿ ಸಾಯುತ್ತದೆ. ಪ್ರೆಟಿಲಾಕ್ಲೋರ್ ಹುಲ್ಲು ಜಾತಿಯ ಮೊಳಕೆಗೆ ಹೆಚ್ಚು ಪೆಟ್ಟು ಕೊಡುತ್ತದೆ. ಬೆನ್‌ಸಲ್ಫ್ಯೂರಾನ್ ಜೇಕು ಮತ್ತು ಅಗಲ ಎಲೆಯ ಕಳೆಗಳಿಗೆ. ನಾಟಿ ಸಸಿಯ ಬೆಳವಣಿಗೆ ಆಗಲೇ ಮುಂದೆ ಹೋಗಿರುವುದರಿಂದ ಅದು ತಡೆದುಕೊಳ್ಳುತ್ತದೆ. ಹಾಗಂತ ಸಸಿಮಡಿಗೋ, ಮೊಳಕೆ ಚೆಲ್ಲಿದ ಭತ್ತಕ್ಕೋ ಇದನ್ನೇ ಹಾಕ್ಬೇಡಿ. ಕಳೆಯ ಜೊತೆ ಭತ್ತದ ಮೊಳಕೆಗೂ ಏಟು ಬೀಳುತ್ತದೆ.

ನೀರು ಎಷ್ಟಿರಬೇಕು?

ಎರಡರಿಂದ ಮೂರು ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಇಂಚು. ಎಕರೆಗೆ ಒಂದು ಇಂಚು ನೀರು ಅಂದ್ರೆ ಸುಮಾರು ಒಂದು ಲಕ್ಷ ಲೀಟರ್. ನಾಲ್ಕು ಇಂಚು ನಿಲ್ಲಿಸಿದರೆ ಅದೇ 264 ಗ್ರಾಂ ನಾಲ್ಕು ಲಕ್ಷ ಲೀಟರ್‌ನಲ್ಲಿ ತೆಳುವಾಗುತ್ತದೆ. ಎಳೆ ಸಸಿಯೂ ಮುಳುಗಿ ಸೊರಗುತ್ತದೆ. "ಜಾಸ್ತಿ ನೀರಿದ್ರೆ ಒಳ್ಳೇದೇ ಅಲ್ವಾ" ಅನ್ನೋರು ಇದನ್ನು ಮರೀತಾರೆ.

ಕಡಿಮೆಯಾದರೆ ತೊಂದರೆ ಇನ್ನೂ ಜಾಸ್ತಿ. ಬರೀ ಒದ್ದೆ ಕೆಸರಿನ ಮೇಲೆ ಬಿದ್ದ ಹರಳು ಬಿದ್ದಲ್ಲೇ ಕರಗಿ ಅಂಗೈಯಗಲ ಜಾಗದಲ್ಲಷ್ಟೇ ಕೆಲಸ ಮಾಡುತ್ತದೆ. ಅದರ ಪಕ್ಕದಲ್ಲೇ ಕಳೆ ಆರಾಮಾಗಿ ಮೊಳೆಯುತ್ತದೆ. ಆಮೇಲೆ ಗದ್ದೆ ಒಣಗಿ ಬಿರುಕು ಬಿಟ್ಟರೆ ಆಗಿದ್ದ ಪದರವೂ ಒಡೆಯುತ್ತದೆ. ಮೇಲೆ ಹೇಳಿದ "ಒಂದು ಮೂಲೆ" ಕಥೆಗೆ ಬಹಳ ಸಲ ಕಾರಣ ಇದೇ. ಮಟ್ಟ ಸರಿಯಾಗಿ ಹೊಡೆಯದ ಗದ್ದೆಯಲ್ಲಿ ಉಬ್ಬಿದ ಜಾಗ ನೀರಿನ ಮೇಲೆ ತಲೆ ಎತ್ತಿರುತ್ತದೆ, ಕಳೆ ಬರೋದು ಅಲ್ಲೇ. ನನ್ನ ಕೇಳಿದ್ರೆ ಕಳೆನಾಶಕದ ಅರ್ಧ ಕೆಲಸ ಕೆಸರು ಹೊಡೆದು ಮಟ್ಟ ಮಾಡುವಾಗಲೇ ಮುಗಿದಿರಬೇಕು.

ಎರಚಿದ ಮೇಲೆ ನಾಲ್ಕೈದು ದಿನ ನೀರು ಹೊರಗೆ ಬಿಡಬೇಡಿ. ಹೊಸ ನೀರನ್ನು ಜೋರಾಗಿ ಹಾಯಿಸಲೂ ಬೇಡಿ. ಇಳಿದಷ್ಟನ್ನು ಮೆಲ್ಲಗೆ ತುಂಬಿಸಿದರೆ ಸಾಕು. ಹಿಂದಿನ ದಿನವೇ ಬದು ಸುತ್ತಿ ಏಡಿ ಬಿಲ, ಇಲಿ ಬಿಲ ಮುಚ್ಚಿ, ನೀರು ಹೊರಹೋಗುವ ಬಾಯಿಗೆ ಮಣ್ಣು ಕಟ್ಟಿ. ಒಂದು ಕಡ್ಡಿಗೆ ಗುರುತು ಹಾಕಿ ಗದ್ದೆಯಲ್ಲಿ ನೆಟ್ಟು ಬೆಳಿಗ್ಗೆ, ಸಂಜೆ ಫೋಟೋ ತೆಗೆದಿಟ್ಟುಕೊಳ್ಳಿ. ನೀರು ಎಷ್ಟು ಬೇಗ ಇಳೀತಿದೆ ಅಂತ ಫೋನೇ ಹೇಳುತ್ತದೆ.

ಜೋರು ಮಳೆ ಬರುವ ಸೂಚನೆ ಇದ್ದರೆ, ಮೂರು ದಿನದ ಅವಧಿಯಲ್ಲಿ ಇನ್ನೂ ಒಂದು ದಿನ ಉಳಿದಿದ್ದರೆ, ಕಾಯಿರಿ. ಬದು ಮೀರಿ ಹರಿದ ನೀರಿನ ಜೊತೆ ನಿಮ್ಮ ದುಡ್ಡೂ ಹೋಗುತ್ತದೆ, ಪಕ್ಕದವರ ಗದ್ದೆಗೋ ಕೆರೆಗೋ ಔಷಧಿಯೂ ಹೋಗುತ್ತದೆ. ಪ್ರೆಟಿಲಾಕ್ಲೋರ್ ನೀರಿನ ಜೀವಿಗಳಿಗೆ ತುಂಬಾ ವಿಷ. ಗದ್ದೆಯ ಕೆಳಗೆ ಮೀನಿನ ಹೊಂಡ ಇದ್ದವರು ಇದನ್ನು ಎರಡು ಸಲ ಓದಿ.

ಇಬ್ಬನಿಯಲ್ಲಿ ಎರಚಬಹುದಾ?

ಈ ಪ್ರಶ್ನೆ ಹುಟ್ಟೋದು ಮೊಬೈಲ್ ವಿಡಿಯೋಗಳಿಂದ. ಅಮೆರಿಕದಲ್ಲಿ ಮನೆಮುಂದಿನ ಹುಲ್ಲುಹಾಸಿಗೆ ಗೊಬ್ಬರ ಮತ್ತು ಕಳೆನಾಶಕ ಸೇರಿದ ಹರಳನ್ನು ಇಬ್ಬನಿ ಇರುವಾಗಲೇ ಎರಚುತ್ತಾರೆ. ಅದರಲ್ಲಿರುವ 2,4-ಡಿ ತರಹದ ಔಷಧಿ ಕಳೆಯ ಒದ್ದೆ ಎಲೆಗೆ ಅಂಟಿಕೊಂಡು ಒಳಗೆ ಹೋಗಬೇಕು, ಅದಕ್ಕೆ. ಅದೇ ಹುಲ್ಲುಹಾಸಿಗೆ ಕಳೆ ಮೊಳೆಯುವ ಮುಂಚಿನ ಹರಳು ಹಾಕುವಾಗ ಲೆಕ್ಕ ಉಲ್ಟಾ: ಎಲೆ ಒಣಗಿರಬೇಕು, ಆಮೇಲೆ ನೀರು ಕೊಟ್ಟು ಮಣ್ಣಿಗೆ ಇಳಿಸಬೇಕು. ನಮ್ಮ ಭತ್ತದ ಹರಳು ಈ ಎರಡನೇ ಜಾತಿಯದು. ಎಲೆ ಒದ್ದೆ ಇದ್ದರೆ ಹರಳು ಸಸಿಗೇ ಅಂಟಿ ಕೂರುತ್ತದೆ, ನೀರಿಗೆ ಬೀಳಬೇಕಾದ್ದು ಬೀಳಲ್ಲ. ಇಬ್ಬನಿ ಆರಿದ ಮೇಲೆ, ಗಾಳಿ ಕಡಿಮೆ ಇರುವಾಗ ಎರಚಿ.

4 ಕಿಲೋಗೆ 20 ಕಿಲೋ ಒಣ ಮರಳು ಬೆರೆಸಿದರೆ ಗುಂಟೆಗೆ 600 ಗ್ರಾಂ ಮಿಶ್ರಣ ಬರುತ್ತದೆ. ಗುಂಟೆವಾರು ಪಾಲು ಮಾಡಿಕೊಂಡ್ರೆ ಕೊನೆಯ ಮಡಿಗೆ ಸಾಲದೆ ಬರುವ ಪಜೀತಿ ಇರಲ್ಲ. ಕೈಗವಸು ಹಾಕ್ಕೊಳ್ಳಿ. ಒಡೆದ ಚೀಲ ತಂಡಿ ಹೀರಿ ಗಡ್ಡೆ ಕಟ್ಟಿದ್ದರೆ ಅದು ಸಮನಾಗಿ ಬೀಳೋದಿಲ್ಲ.

ಇನ್ನು ನಾಲೆಯ ಕೊನೆ ಭಾಗದವರ ಮಾತು. ಕಟ್ಟು ಪದ್ಧತಿಯಲ್ಲಿ ನಿಮ್ಮ ಸರದಿಯ ನೀರು ನಾಟಿ ಆದ ಮೇಲೆ ಒಂದು ವಾರ ಸಿಗೋದು ಅನುಮಾನ ಅಂದ್ರೆ ಹರಳು ಕೊಳ್ಳಲೇಬೇಡಿ. ನಾಟಿಯಾದ 15ರಿಂದ 20 ದಿನಕ್ಕೆ ಬಿಸ್‌ಪೈರಿಬ್ಯಾಕ್ ಸೋಡಿಯಂ 10% ದ್ರಾವಣವನ್ನು ಎಕರೆಗೆ 80ರಿಂದ 100 ಮಿ.ಲೀ. ಸಿಂಪಡಿಸುವ ದಾರಿ ಇದೆ. ಇದಕ್ಕೆ ನೀರಿನ ಲೆಕ್ಕ ಪೂರ್ತಿ ಬೇರೆ: ಮೊದಲು ನೀರು ಬಸಿದು ಕಳೆಯ ಎಲೆ ಕಾಣುವ ಹಾಗೆ ಮಾಡಬೇಕು, ಸಿಂಪಡಿಸಿ ಎರಡು ಮೂರು ದಿನದ ಮೇಲೆ ಮತ್ತೆ ನೀರು ಕಟ್ಟಬೇಕು. ಆ ಹೊತ್ತಿಗಾದರೂ ಸರದಿ ಬರುತ್ತದಾ ಅಂತ ನೀರುಗಂಟಿಯವರನ್ನು ಕೇಳಿಕೊಂಡು ಆಮೇಲೆ ಅಂಗಡಿಗೆ ಹೋಗಿ.