ಮೊದಲು ಮನೆಯ ಪಾಲು, ಆಮೇಲೆ ಗದ್ದೆಯ ಪಾಲು

ಮನೆಖರ್ಚಿನ ಲೆಕ್ಕ ಹೇಗಿಡಬೇಕೆಂದು ಹೇಳುವ ಬರಹಗಳೆಲ್ಲ ಬಹುತೇಕ ತಿಂಗಳ ಪಗಾರದಿಂದ ಶುರುವಾಗುತ್ತವೆ. ಆದಾಯದಲ್ಲಿ ಶೇ 50 ಅಗತ್ಯಕ್ಕೆ, ಶೇ 30 ಇಷ್ಟದ ಖರ್ಚಿಗೆ, ಶೇ 20 ಉಳಿತಾಯಕ್ಕೆ ಎಂಬ ಸೂತ್ರವನ್ನು 2005ರಲ್ಲಿ ಅಮೆರಿಕದ ಎಲಿಜಬೆತ್ ವಾರನ್ ಮತ್ತು ಅವರ ಮಗಳು ಬರೆದ ಪುಸ್ತಕ ಜನಪ್ರಿಯಗೊಳಿಸಿತು. ಸಿಂಧನೂರು ತಾಲ್ಲೂಕಿನ ತುರ್ವಿಹಾಳದಲ್ಲಿ ಅದನ್ನು ಹಾಗೇ ಎತ್ತಿ ಬಳಸಲು ಬರುವುದಿಲ್ಲ. ಕೇಂದ್ರ ಸರ್ಕಾರದ 2023–24ರ ಮನೆವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳ ಒಟ್ಟು ಖರ್ಚಿನಲ್ಲಿ ಸುಮಾರು ಶೇ 47ರಷ್ಟು ಆಹಾರಕ್ಕೇ ಹೋಗುತ್ತದೆ. ಔಷಧಿ, ಸಿಲಿಂಡರ್, ಶಾಲೆ, ಬಸ್ಸು ಇನ್ನೂ ಬಾಕಿ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಭತ್ತ ನಂಬಿದ ಮನೆಗೆ ‘ತಿಂಗಳ ಆದಾಯ’ ಎಂಬುದೇ ಇಲ್ಲ. ಮುಂಗಾರು ಬೆಳೆಯ ಹಣ ನವೆಂಬರ್–ಡಿಸೆಂಬರ್ ಹೊತ್ತಿಗೆ ಬರುತ್ತದೆ. ಎರಡನೇ ಬೆಳೆಯದು ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಮಾತ್ರ ಬೇಸಿಗೆಯಲ್ಲಿ ಕೈಗೆ ಸಿಗುತ್ತದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. 2025ರ ಕೊನೆಗೆ, ಗೇಟ್‌ಗಳನ್ನು ಬದಲಿಸಬೇಕಾದ್ದರಿಂದ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಆದ್ದರಿಂದ ಇಲ್ಲಿನ ಬಜೆಟ್ ಆದಾಯದಿಂದ ಶುರುವಾಗಬಾರದು, ಖರ್ಚಿನಿಂದ ಶುರುವಾಗಬೇಕು. ಒಂದೇ ಬೆಳೆ ಬರುತ್ತದೆ ಎಂದುಕೊಂಡೇ ಅದನ್ನು ಬರೆಯಬೇಕು.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಿಂಗಳು ತಿಂಗಳೂ ತಪ್ಪದೆ ಬರುವ ಖರ್ಚನ್ನು ಮೊದಲು ಬರೆಯಿರಿ: ಜೋಳ, ಬೇಳೆ, ಎಣ್ಣೆ, ಹಾಲು, ಸಂತೆಯ ತರಕಾರಿ, ಸಿಲಿಂಡರ್, ಬಿಪಿ–ಶುಗರ್ ಮಾತ್ರೆ, ಮೊಬೈಲ್ ರೀಚಾರ್ಜ್, ಸಿಂಧನೂರಿಗೆ ಓಡಾಟ. ವರ್ಷಕ್ಕೊಮ್ಮೆ ಬಂದು ಬೆನ್ನು ಮುರಿಯುವ ಖರ್ಚು ಅದರ ಕೆಳಗೆ ಬರಲಿ. ಜೂನ್‌ನಲ್ಲಿ ಪುಸ್ತಕ–ಸಮವಸ್ತ್ರ, ದಸರಾ–ದೀಪಾವಳಿಗೆ ಬಟ್ಟೆ, ಬನದ ಹುಣ್ಣಿಮೆಯ ಹೊತ್ತಿಗೆ ಅಂಬಾಮಠದ ಜಾತ್ರೆ, ಮನೆ ಕಂದಾಯ, ವಿಮೆ. ಪ್ರಧಾನಮಂತ್ರಿ ಹೆಸರಿನ ಎರಡು ವಿಮೆಗಳಿಗೆ ವರ್ಷಕ್ಕೆ 20 ಮತ್ತು 436 ರೂಪಾಯಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಆಗ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ವಿಮೆಯೇ ನಿಂತುಹೋಗುತ್ತದೆ. ಹಬ್ಬ, ಜಾತ್ರೆ ‘ಅಗತ್ಯ’ವೇ ಎಂದು ಕೇಳುವವರಿದ್ದಾರೆ. ಹೇಗಿದ್ದರೂ ಆಗಿಯೇ ತೀರುವ ಖರ್ಚನ್ನು ಪಟ್ಟಿಯಿಂದ ಬಿಟ್ಟರೆ ಅದು ಸಾಲವಾಗಿ ಮನೆಗೆ ಬರುತ್ತದೆ, ಬರೆದಿಡುವುದೇ ಲೇಸು. ಉದಾಹರಣೆಗೆ, ಐದು ಜನರ ಮನೆಯೊಂದರ ತಿಂಗಳ ಖರ್ಚು 9,300 ರೂಪಾಯಿ, ವರ್ಷದ ಖರ್ಚು 30,000 ರೂಪಾಯಿ ಎಂದಿಟ್ಟುಕೊಳ್ಳೋಣ. 30,000ವನ್ನು 12ರಿಂದ ಭಾಗಿಸಿದರೆ 2,500. ಆ ಮನೆಯ ನಿಜವಾದ ತಿಂಗಳ ಅಗತ್ಯ 11,800, ವರ್ಷದ್ದು 1,41,600 ರೂಪಾಯಿ.

ಹೆಚ್ಚಿನವರ ಲೆಕ್ಕ ಕೆಡುವುದು ಉದ್ದರಿಯಲ್ಲಿ, ಅದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಕಿರಾಣಿ ಅಂಗಡಿಯಲ್ಲಿ ಆರು ತಿಂಗಳು ಉದ್ದರಿ ಬರೆಸಿ, ರಾಶಿ ಮಾರಿದ ಮೇಲೆ ಒಟ್ಟಿಗೆ ತೀರಿಸುವ ಮನೆಗಳಲ್ಲಿ ಆ ಮೊತ್ತವನ್ನು ಡಿಸೆಂಬರ್ ತಿಂಗಳ ‘ಸಾಲ ತೀರಿಸಿದ್ದು’ ಎಂದು ಬರೆಯುತ್ತಾರೆ. ಆಗ ಜುಲೈಯಿಂದ ನವೆಂಬರ್‌ವರೆಗೆ ಊಟಕ್ಕೆ ಖರ್ಚೇ ಆಗಿಲ್ಲ ಎಂಬಂತೆ ಪುಸ್ತಕ ಹೇಳುತ್ತದೆ. ಖಾಲಿ ಕಂಡ ಆ ತಿಂಗಳುಗಳನ್ನು ನಂಬಿ ಹೊಸ ಸಂಘದ ಕಂತು ಒಪ್ಪಿಕೊಳ್ಳುತ್ತಾರೆ. ಸಾಮಾನು ಮನೆಗೆ ಬಂದ ದಿನವೇ ಅದು ಖರ್ಚು. ದುಡ್ಡು ಯಾವಾಗ ಕೊಡುತ್ತೀರಿ ಎಂಬುದು ಬೇರೆ ಮಾತು. ಪ್ರತಿ ಸಲ ಸಾಮಾನು ತಂದಾಗ ಅಂಗಡಿಯ ಪುಸ್ತಕದಲ್ಲಿ ಬರೆದದ್ದನ್ನು ನಿಮ್ಮ ನೋಟ್‌ಬುಕ್ಕಿಗೂ ಇಳಿಸಿ, ಒಟ್ಟು ಮೊತ್ತವನ್ನಷ್ಟೇ ಅಲ್ಲ, ತೂಕ ಮತ್ತು ದರವನ್ನೂ ಬರೆಯಿರಿ. ನಗದು ಕೊಟ್ಟರೆ ಅದೇ ಬೇಳೆಗೆ ಎಷ್ಟು ಎಂದು ಕೇಳಿ ಪಕ್ಕದಲ್ಲಿ ಗುರುತು ಹಾಕಿ, ವ್ಯತ್ಯಾಸವೇ ನೀವು ಕಟ್ಟುತ್ತಿರುವ ಬಡ್ಡಿ. ಗೊಬ್ಬರದ ಅಂಗಡಿಯ ಉದ್ದರಿಯನ್ನು ಇದರೊಂದಿಗೆ ಎಂದೂ ಬೆರೆಸಬೇಡಿ. ಬೀಜ, ಗೊಬ್ಬರ, ಹೊಡೆಯುವ ಎಣ್ಣೆ, ನಾಟಿ ಕೂಲಿ, ಲೀಜ್ ಇವೆಲ್ಲ ಗದ್ದೆಯ ಖರ್ಚು, ಅವಕ್ಕೆ ಬೇರೆ ಪುಸ್ತಕ ಇರಲಿ. ಎರಡೂ ಒಂದೇ ಕಡೆ ಸೇರಿದ ಮನೆಯಲ್ಲಿ ಗದ್ದೆ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ, ಮನೆ ದುಂದು ಮಾಡುತ್ತಿದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಬೈಗುಳ ಮಾತ್ರ ಅಡುಗೆಮನೆಗೆ ಬೀಳುತ್ತದೆ. ಇದು ಅನ್ಯಾಯ.

ಇನ್ನು ಆದಾಯ. ಅಡತ್ ಅಂಗಡಿಯಿಂದ ಭತ್ತದ ಹಣ ಬಂದ ದಿನವೇ ಮುಂದಿನ ಬೆಳೆಯವರೆಗಿನ ಮನೆಯ ಪಾಲನ್ನು ಬೇರೆ ಖಾತೆಗೆ ಹಾಕಿ. ‘ಮೊದಲು ಸಾಲ ತೀರದಿದ್ದರೆ ಮುಂದಿನ ಹಂಗಾಮಿಗೆ ಯಾರು ಕೊಡುತ್ತಾರೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸೊಸೈಟಿಯ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟಲೇಬೇಕು, ಶೂನ್ಯ ಬಡ್ಡಿ ಸಿಗುವುದು ಆಗ ಮಾತ್ರ. ಆದರೆ ಉಳಿದೆಲ್ಲ ಸಾಲವನ್ನೂ ಒಂದೇ ದಿನ ತೀರಿಸಿ ಬರಿಗೈಯಲ್ಲಿ ಮನೆಗೆ ಬಂದವರು ಫೆಬ್ರುವರಿಯಲ್ಲಿ ಇನ್ನೂ ಹೆಚ್ಚಿನ ಬಡ್ಡಿಗೆ ಕೈ ಒಡ್ಡಬೇಕಾಗುತ್ತದೆ. ವಾರದ ಕೂಲಿಯ ಮನೆಗಳಿಗೆ ಇದೇ ವಿಧಾನ ಸಣ್ಣ ಅಳತೆಯಲ್ಲಿ ನಡೆಯುತ್ತದೆ: ಕೆಲಸವಿರುವ ನಾಟಿ, ಕಟಾವಿನ ವಾರಗಳಲ್ಲಿ ಕೆಲಸವಿಲ್ಲದ ವಾರದ ಪಾಲನ್ನೂ ತೆಗೆದಿಡಬೇಕು. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಖಾತೆಗೆ ಜಮೆಯಾದ ಮೇಲಷ್ಟೇ ಆದಾಯವೆಂದು ಬರೆಯಿರಿ. ಕೆಲವು ಸಲ ತಿಂಗಳುಗಟ್ಟಲೆ ತಡವಾಗಿ ಬಂದದ್ದಿದೆ. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ, ಬೇಸಿಗೆಯಲ್ಲಿ ಕೂಲರ್ ಇರುವವರು ಮೀಟರ್ ನೋಡುತ್ತಿರಿ.

‘ಉಳಿಯುವುದೇ ಇಲ್ಲ ಎಂದಮೇಲೆ ಬಜೆಟ್ ಯಾಕೆ?’ ಎನ್ನುವವರಿಗೇ ಇದು ಹೆಚ್ಚು ಬೇಕು. ಎಷ್ಟು ಕಂತು ಹೊರಬಹುದು ಎಂದು ಹೇಳುವ ಅಂಕಿ ಈ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ. 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಗೆ ಕಿರುಸಾಲ ಕೊಡುವಾಗ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ 50 ಮೀರಬಾರದು. ಮೇಲಿನ ಮನೆಯ ಆದಾಯ ಸರಾಸರಿ 15,000 ರೂಪಾಯಿ ಇದ್ದರೆ, ನಿಯಮ 7,500 ರೂಪಾಯಿವರೆಗಿನ ಕಂತಿಗೆ ಒಪ್ಪುತ್ತದೆ. ಆದರೆ 11,800 ಅಗತ್ಯಕ್ಕೆ ಹೋದ ಮೇಲೆ ಉಳಿಯುವುದು 3,200 ಮಾತ್ರ. ಸಾಲ ಕೊಡುವವರು ನಿಯಮದ ಅಂಕಿಯನ್ನು ತೋರಿಸುತ್ತಾರೆ, ನೀವು ನಿಮ್ಮ ಅಂಕಿಯನ್ನೇ ಹಿಡಿಯಿರಿ. ಈಗಾಗಲೇ ಕಂತು ಹೆಚ್ಚಿದ್ದರೆ ಹೊಸ ಸಾಲದಿಂದ ಹಳೆಯದನ್ನು ತೀರಿಸಬೇಡಿ, ಗಡುವು ವಿಸ್ತರಿಸಲು ಬರವಣಿಗೆಯಲ್ಲಿ ಕೇಳಿ. ವಸೂಲಿಗೆ ಮನೆಮುಂದೆ ಬಂದು ಕಿರುಕುಳ ಕೊಟ್ಟರೆ 2025ರಲ್ಲಿ ರಾಜ್ಯ ತಂದ ಕಿರುಸಾಲ ಕಿರುಕುಳ ತಡೆ ಕಾನೂನಿನಡಿ ಪೊಲೀಸರಿಗೆ ದೂರು ಕೊಡಬಹುದು.

ಪುಸ್ತಕವನ್ನು ಅಡುಗೆ ಸಾಮಾನು ತರುವವರೇ ಬರೆಯಲಿ, ತಿಂಗಳಿಗೊಮ್ಮೆ ಮನೆಯವರೆಲ್ಲ ಕೂತು ಕೂಡಿಸಲಿ. ಮೊದಲ ಮೂರು ತಿಂಗಳ ಅಂಕಿ ತಪ್ಪಾಗುವುದು ಸಹಜ, ನಾಲ್ಕನೆಯ ತಿಂಗಳಲ್ಲಿ ತಿದ್ದಿ. ಆಸ್ಪತ್ರೆಗೆಂದು ಒಂದು ತಿಂಗಳ ಅಗತ್ಯದಷ್ಟು ಹಣ ಕೂಡುವವರೆಗೆ ಬಂಗಾರ, ಬೈಕಿನ ಮಾತು ಬೇಡ.