ಮನೆಯ ಬ್ಯಾಟರಿ ಸೆಲ್ಲು, ಹಾಡಿನ ಪೆಟ್ಟಿಗೆ ಮತ್ತು ನಮ್ಮ ಆರೋಗ್ಯ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗನ ಮನೆಯಲ್ಲಿ ರೇಡಿಯೋ ಪೆಟ್ಟಿಗೆಗೆ ಒಂದು ಕಾಲದಲ್ಲಿ ವಿಶೇಷವಾದ ಸ್ಥಾನವಿದ್ದಿತು. ಈ ಊರನ್ನು ಮದ್ರಾಸು ಎಂದು ಕರೆಯುತ್ತಿದ್ದ ದಿನಗಳಲ್ಲಿ, ಪೆರಂಬೂರಿನ ನಮ್ಮ ಚಿಕ್ಕ ಮನೆಯಲ್ಲಿ ಕತ್ತಲಾಗುವುದನ್ನೇ ಕಾದಿದ್ದು, ಟ್ರಾನ್ಸಿಸ್ಟರಿನ ಮುಳ್ಳನ್ನು ಮೆಲ್ಲನೆ ತಿರುಗಿಸಿ, 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯನ್ನು ಹಿಡಿಯುತ್ತಿದ್ದೆವು. ಹಗಲಿನಲ್ಲಿ ಕೇಳದ ಆ ನಿಲಯ ರಾತ್ರಿಯಲ್ಲಿ ಕೇಳುವುದಕ್ಕೆ ಕಾರಣ, ಮಧ್ಯಮ ತರಂಗಗಳು ಕತ್ತಲಾದ ಮೇಲೆ ವಾಯುಮಂಡಲದ ಮೇಲಿನ ಪದರದಿಂದ ಪ್ರತಿಫಲಿಸಿ ದೂರದೂರಕ್ಕೆ ಬರುವುದು. ಆದರೆ ಅಂದು ನಮಗೆ ತಿಳಿದಿದ್ದ ಕಾರಣ ಒಂದೇ: ಸೆಲ್ಲು ಹೊಸದಾಗಿರಬೇಕು! ಸೆಲ್ಲಿನ ಶಕ್ತಿ ಕುಂದಿತೆಂದರೆ ಅದನ್ನು ಹೊರತೆಗೆದು, ಮಹಡಿಯ ಮೇಲೆ ಹಪ್ಪಳ ಸಂಡಿಗೆಗಳ ಪಕ್ಕದಲ್ಲಿ ಬಿಸಿಲಿಗೆ ಇಟ್ಟು, ಮತ್ತೊಂದು ವಾರ ದೂಡುತ್ತಿದ್ದೆವು. ಮಕ್ಕಳು ಅದರೊಡನೆ ಆಡುತ್ತಿದ್ದರು. ಯಾರೂ ಬೇಡವೆನ್ನುತ್ತಿರಲಿಲ್ಲ.

ಬೇಡವೆನ್ನದಿದ್ದುದಕ್ಕೆ ಒಂದು ನಂಬಿಕೆ ಕಾರಣ. ಗೋಡೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟು, ಅದು ಹೊಡೆಯುತ್ತದೆ. ಸೆಲ್ಲಿನಲ್ಲಿರುವುದು ಒಂದೂವರೆ ವೋಲ್ಟು, ಅದು ಹೊಡೆಯುವುದಿಲ್ಲ. ಆದುದರಿಂದ ಅದು ನಿರಪಾಯ. ಈ ತರ್ಕದ ಮೊದಲೆರಡು ಮಾತುಗಳು ನಿಜ, ಮೂರನೆಯದು ಸುಳ್ಳು. ರೈಲ್ವೆಯ ವಿದ್ಯುತ್ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಒಣ ಚರ್ಮದ ಮೂಲಕ ಒಂದೂವರೆ ವೋಲ್ಟಿಗೆ ಹರಿಯಲಾಗದು ಎಂಬುದು ಸರಿಯೇ. ಆದರೆ ಬಾಯಿ, ಗಂಟಲು, ಮೂಗು ಇವುಗಳ ಒಳಮೈ ಒಣ ಚರ್ಮವಲ್ಲ. ಬ್ಯಾಟರಿಯ ಅಪಾಯ ಹೊಡೆತದ್ದಲ್ಲ, ರಸಾಯನದ್ದು ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಒಂದು ಸಂಜೆಯ ಭಯದಿಂದ.

ಕೆಲವು ವರ್ಷಗಳ ಹಿಂದಿನ ಮಾತು. ಹಳೆಯ ಹಾಡುಗಳನ್ನು ತುಂಬಿಟ್ಟ ಒಂದು ಪೆಟ್ಟಿಗೆಯನ್ನು ಮಗ ನಮಗಾಗಿ ತಂದಿದ್ದ. ಅದಕ್ಕೆ ಬಿಸ್ಕತ್ತಿನಷ್ಟು ತೆಳ್ಳಗಿನ ರಿಮೋಟು. ಒಂದೂವರೆ ವರ್ಷದ ಮೊಮ್ಮಗ ಅದನ್ನು ನೆಲಕ್ಕೆ ಕುಟ್ಟಿ ಆಡುತ್ತಿದ್ದ. ಸೊಸೆ ಎತ್ತಿ ನೋಡಿದಾಗ ಹಿಂದಿನ ಮುಚ್ಚಳ ತೆರೆದಿದೆ. “ಮಾವ, ಇದರೊಳಗಿನ ಬಿಲ್ಲೆ ಕಾಣುತ್ತಿಲ್ಲವಲ್ಲ!” ಎಂದಳು. ಮಂಚದಡಿ, ಬೀರುವಿನಡಿ, ಕಸಬರಿಗೆಯ ಮೂಲೆ, ಹಾರ್ಮೋನಿಯಮ್ಮಿನ ಹಿಂದೆ, ಎಲ್ಲ ಕಡೆ ಹುಡುಕಿದೆವು. ಮಗು ಸುಮ್ಮನೆ ಆಡುತ್ತಿದ್ದುದರಿಂದ ನುಂಗಿರಲಾರದು ಎಂದು ನಾನೇ ಧೈರ್ಯ ಹೇಳಿದೆ. ಎರಡು ಗಂಟೆಯ ಮೇಲೆ ಆ ಬಿಲ್ಲೆ ಚಾಪೆಯ ಮಡಿಕೆಯಲ್ಲಿ ಸಿಕ್ಕಿತು. ಎಲ್ಲರೂ ನಕ್ಕು ಕಾಫಿ ಕುಡಿದೆವು. ಮರುದಿನ ಪರಿಚಿತ ಮಕ್ಕಳ ವೈದ್ಯರಿಗೆ ಇದನ್ನು ತಮಾಷೆಯೆಂಬಂತೆ ಹೇಳಿದೆ. ಅವರು ನಗಲಿಲ್ಲ. “ನೀವು ಹುಡುಕುತ್ತಾ ಕಳೆದ ಆ ಎರಡು ಗಂಟೆ ಇದೆಯಲ್ಲ, ಅನ್ನನಾಳ ಸುಡುವುದಕ್ಕೆ ಅಷ್ಟೇ ಸಾಕು” ಎಂದರು.

ಅವರು ವಿವರಿಸಿದುದನ್ನು ಓದುಗರ ಮುಂದಿಡುತ್ತೇನೆ. ರಿಮೋಟುಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಲಿಥಿಯಂ ಬಿಲ್ಲೆಯ ಅಡ್ಡಳತೆ 20 ಮಿಲಿಮೀಟರು, ಒತ್ತಡ 3 ವೋಲ್ಟು. ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವುದಕ್ಕೆ ಅಳೆದು ಮಾಡಿಸಿದಂತಹ ಗಾತ್ರ. ಸಿಕ್ಕಿಕೊಂಡ ಕ್ಷಣದಿಂದಲೇ ಸುತ್ತಲಿನ ಒದ್ದೆಯ ಮೂಲಕ ವಿದ್ಯುತ್ತು ಹರಿಯತೊಡಗಿ, ಬಿಲ್ಲೆಯ ಋಣ ಮುಖದ ಬಳಿ ತೀಕ್ಷ್ಣವಾದ ಕ್ಷಾರವನ್ನು ಉತ್ಪತ್ತಿಮಾಡುತ್ತದೆ. ಬಟ್ಟೆ ಸೋಡಾ ಕೈಯನ್ನು ಹೇಗೆ ಜಾರು ಮಾಡಿ ಸುಡುವುದೋ, ಅದಕ್ಕಿಂತ ಎಷ್ಟೋ ಪಾಲು ತೀವ್ರವಾಗಿ ಈ ಕ್ಷಾರ ಅನ್ನನಾಳದ ಗೋಡೆಯನ್ನು ಕರಗಿಸುತ್ತದೆ. ಸೆಲ್ಲು ಒಡೆದು ಒಳಗಿನ ವಸ್ತು ಸೋರಬೇಕೆಂಬ ನಿಯಮವಿಲ್ಲ. ಅದು ನುಣ್ಣಗೆ ಹೊಳೆಯುತ್ತಿದ್ದರೂ ಸುಡುತ್ತದೆ. ರಿಮೋಟನ್ನು ನಡೆಸಲಾರದಷ್ಟು ಸೊರಗಿದ ‘ಸತ್ತ’ ಬಿಲ್ಲೆಯಲ್ಲಿಯೂ ಇಷ್ಟಕ್ಕೆ ಬೇಕಾದ ಶಕ್ತಿ ಉಳಿದಿರುತ್ತದೆ. ಸುಟ್ಟ ಗಾಯ ಆಳವಾಗಿ ಪಕ್ಕದ ಶ್ವಾಸನಾಳವನ್ನೋ ಮಹಾಪಧಮನಿಯನ್ನೋ ಮುಟ್ಟಿದರೆ, ಬಿಲ್ಲೆಯನ್ನು ಹೊರತೆಗೆದ ಎಷ್ಟೋ ದಿನಗಳ ಮೇಲೂ ರಕ್ತಸ್ರಾವವಾಗಿ ಮಗು ತೀರಿಕೊಂಡ ನಿದರ್ಶನಗಳು ವೈದ್ಯಕೀಯ ಗ್ರಂಥಗಳಲ್ಲಿವೆ.

ಇನ್ನೂ ಕಷ್ಟದ ಸಂಗತಿಯೆಂದರೆ, ನುಂಗಿದ ಮಗು ಅಳಲೇಬೇಕೆಂದಿಲ್ಲ. ಜೊಲ್ಲು ಸುರಿಸುವುದು, ಅನ್ನ ಬೇಡವೆನ್ನುವುದು, ಕೆಮ್ಮು, ವಾಂತಿ ಇವು ಕಾಣಬಹುದು, ಕಾಣದಿರಲೂಬಹುದು. ಆದುದರಿಂದ ಅನುಮಾನವೇ ಸಾಕು; ಹುಡುಕುವ ಕೆಲಸವನ್ನು ಮನೆಯಲ್ಲಿ ಉಳಿದವರಿಗೆ ಬಿಟ್ಟು ಮಗುವನ್ನು ತತ್‌ಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಎರಡೂ ಇರುವ ದೊಡ್ಡ ಆಸ್ಪತ್ರೆಗೇ ನೇರವಾಗಿ ಹೋಗುವುದು ಲೇಸು. ಪೆರಂಬೂರಿನವರಿಗೆ ಎಗ್ಮೋರಿನ ಸರ್ಕಾರಿ ಮಕ್ಕಳ ಆಸ್ಪತ್ರೆ ಅಷ್ಟೇನೂ ದೂರವಲ್ಲ. 108ಕ್ಕೆ ಕರೆಮಾಡಿದರೆ ಆಂಬುಲೆನ್ಸು ಬರುತ್ತದೆ. ಅಲ್ಲಿ “ಏನೋ ನುಂಗಿದೆ” ಎನ್ನದೆ “ಬ್ಯಾಟರಿ ನುಂಗಿರಬಹುದು” ಎಂದೇ ಸ್ಪಷ್ಟವಾಗಿ ಹೇಳಿ. ಎಕ್ಸ್‌ರೇಯಲ್ಲಿ ಇದು ಮೇಲ್ನೋಟಕ್ಕೆ ಒಂದು ರೂಪಾಯಿ ನಾಣ್ಯದಂತೆಯೇ ಕಾಣುತ್ತದೆ. ಅಂಚಿನಲ್ಲಿ ಒಂದರೊಳಗೊಂದು ಎರಡು ವೃತ್ತಗಳಿರುವುದೇ ಗುರುತು. ಮನೆಯಲ್ಲಿ ಬೆರಳಿಟ್ಟು ವಾಂತಿ ಮಾಡಿಸಕೂಡದು, ಬಾಳೆಹಣ್ಣು ಅನ್ನದುಂಡೆಗಳನ್ನು ತಿನ್ನಿಸಕೂಡದು. ಒಂದಕ್ಕೆ ಮಾತ್ರ ಈಚಿನ ವೈದ್ಯರ ಸಮ್ಮತಿಯಿದೆ: ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆ ಮೀರಿರದೆ, ಅದಕ್ಕೆ ನುಂಗಲು ಸಾಧ್ಯವಿದ್ದಲ್ಲಿ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚೆ ಜೇನುತುಪ್ಪ, ಆರು ಸಲಕ್ಕೆ ಮೀರದಂತೆ. ಅದು ಬಿಲ್ಲೆಯನ್ನು ಲೇಪಿಸಿ ಕ್ಷಾರವನ್ನು ತಗ್ಗಿಸುತ್ತದೆ. ಆದರೆ ಜೇನು ಹುಡುಕುತ್ತ ಒಂದು ನಿಮಿಷವೂ ತಡಮಾಡಬಾರದು. ಒಂದು ವರ್ಷದೊಳಗಿನ ಕೂಸಿಗೆ ಜೇನು ಸಲ್ಲದು. ಮೂಗಿನಲ್ಲೋ ಕಿವಿಯಲ್ಲೋ ಬಿಲ್ಲೆ ತುರುಕಿಕೊಂಡರೆ ಎಣ್ಣೆ, ಹನಿಮದ್ದು ಏನನ್ನೂ ಬಿಡದೆ ಅದೇ ಆತುರದಿಂದ ಆಸ್ಪತ್ರೆಗೆ ಓಡಬೇಕು.

ನಮ್ಮ ದೇಶದಲ್ಲಿ 2021ರಿಂದ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ. ಆದರೆ ರಿಮೋಟು ಆಟಿಕೆಯಲ್ಲ, ತೂಕದ ಯಂತ್ರ ಆಟಿಕೆಯಲ್ಲ, ಹಾಡುವ ಶುಭಾಶಯ ಪತ್ರವೂ ಆಟಿಕೆಯಲ್ಲ. ಮಗುವಿಗೆ ಈ ಭೇದ ತಿಳಿಯದು. ತಿರುಪು ಹಾಕಿ ಮುಚ್ಚುವ ಮುಚ್ಚಳವಿರುವ ವಸ್ತುವನ್ನೇ ಕೊಳ್ಳಿ. ಇಲ್ಲದಿದ್ದರೆ ಗಟ್ಟಿ ಅಂಟುಪಟ್ಟಿಯನ್ನು ಎರಡು ಸುತ್ತು ಸುತ್ತಿ. ನಮ್ಮ ಮನೆಯ ರಿಮೋಟು ಇಂದು ನೋಡಲು ಚೆನ್ನಾಗಿಲ್ಲ, ಆದರೆ ಬಿಚ್ಚಿಕೊಳ್ಳುವುದಿಲ್ಲ.

ಇನ್ನು ಸಾಧಾರಣ ಪೆನ್ಸಿಲ್ ಸೆಲ್ಲು, ದಪ್ಪ ಸೆಲ್ಲುಗಳ ವಿಚಾರ. ಹಳೆಯ ಮಾದರಿಯ ಶುಷ್ಕ ಸೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಕರಗುತ್ತಾ ವಿದ್ಯುತ್ತನ್ನು ಕೊಡುತ್ತದೆ. ಡಬ್ಬಿ ತೂತಾದ ಮೇಲೆ ಒಳಗಿನದು ಸೋರದೆ ಏನು ಮಾಡೀತು? ಆಲ್ಕಲೈನ್ ಸೆಲ್ಲಿನಿಂದ ಸೋರುವ ಬಿಳಿಯ ಹಿಟ್ಟು ಕ್ಷಾರ. ಕೈಗೆ ತಗಲಿದರೆ ಧಾರಾಳ ನೀರಿನಿಂದ ತೊಳೆಯಬೇಕು, ಆ ಕೈಯಿಂದ ಕಣ್ಣುಜ್ಜಬಾರದು. ಹಳೆಯದನ್ನೂ ಹೊಸದನ್ನೂ ಜೊತೆಗೂಡಿಸಿದರೆ ದುರ್ಬಲವಾದದ್ದು ಬೇಗ ಸೋರುತ್ತದೆ. ಚಾರ್ಜು ಮಾಡುವಂತಹದಲ್ಲದ ಸೆಲ್ಲನ್ನು ಚಾರ್ಜರಿಗೆ ಹಾಕುವುದು ಸಿಡಿಸುವುದಕ್ಕೆ ಸಮಾನ. ಬಿಸಿಲಿಗಿಡುತ್ತಿದ್ದ ನಮ್ಮ ಪದ್ಧತಿಯಿಂದ ತುಸು ಜೀವ ಬರುತ್ತಿದ್ದುದು ನಿಜ, ಸೋರುವಿಕೆ ಬೇಗನಾಗುತ್ತಿದ್ದುದೂ ನಿಜ. ಊರಿಗೆ ಹೋಗುವಾಗ ರೇಡಿಯೋದಿಂದ ಸೆಲ್ಲುಗಳನ್ನು ತೆಗೆದಿಡುವುದನ್ನು ಮರೆಯಬೇಡಿ. ಚೆನ್ನೈನ ಉಪ್ಪುಗಾಳಿ ಉಳಿದ ಹಾಳನ್ನು ಪೂರೈಸುತ್ತದೆ.

2016ರ ಡಿಸೆಂಬರಿನ ವರ್ದಾ ಚಂಡಮಾರುತ, 2023ರ ಡಿಸೆಂಬರಿನ ಮಿಚಾಂಗ್, ಇವು ಬಂದು ಹೋದ ಮೇಲೆ ನಮ್ಮ ಕಡೆ ಇನ್ವರ್ಟರ್ ಇಲ್ಲದ ಮನೆ ಅಪರೂಪವಾಗಿದೆ. ಅದರ ಬ್ಯಾಟರಿ ಸೀಸ ಮತ್ತು ಗಂಧಕಾಮ್ಲಗಳದ್ದು. 1955ರಲ್ಲಿ ಆರಂಭವಾದ ಪೆರಂಬೂರಿನ ಕೋಚ್ ಕಾರ್ಖಾನೆಯಿಂದ ಹೊರಬಂದ ಹಳೆಯ ಮಾದರಿಯ ಬೋಗಿಗಳನ್ನು ಗಮನಿಸಿದವರಿಗೆ ನೆನಪಿದ್ದೀತು: ದೀಪ ಪಂಖಗಳಿಗೆ 110 ವೋಲ್ಟು ಕೊಡುವ ಅದೇ ಜಾತಿಯ ಬ್ಯಾಟರಿಗಳನ್ನು ಬೋಗಿಯ ಒಳಗಲ್ಲ, ಅಡಿಯಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ತೂಗುಹಾಕುತ್ತಿದ್ದರು. ಚಾರ್ಜಾಗುವಾಗ ಅವು ಜಲಜನಕವನ್ನು ಬಿಡುತ್ತವೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲಾದರೆ ಕಿಡಿಯೊಂದಕ್ಕೆ ಹೊತ್ತಿಕೊಳ್ಳುತ್ತದೆ. ರೈಲ್ವೆಯಲ್ಲಿ ಇದನ್ನು ಕಲಿತ ನಮ್ಮವರೇ ಮನೆಯಲ್ಲಿ ಅದನ್ನು ಜಾಗ ಸಾಲದೆಂದು ದೇವರ ಗೂಡಿನ ಕೆಳಗೆ, ಉರಿಯುವ ದೀಪದ ಬುಡದಲ್ಲಿ ಇಟ್ಟಿರುವುದನ್ನು ನಾನು ಒಂದಲ್ಲ, ಹಲವು ಮನೆಗಳಲ್ಲಿ ಕಂಡಿದ್ದೇನೆ. ಕಿಟಕಿಯಿರುವ ಮೂಲೆಯಲ್ಲಿ, ಮಳೆನೀರು ಮುಟ್ಟದ ಎತ್ತರದ ಪೀಠದ ಮೇಲೆ ಅದು ಇರಲಿ. ಡಿಸ್ಟಿಲ್ಡ್ ವಾಟರ್ ತುಂಬುವಾಗ ಬಳೆ, ಉಂಗುರ, ಜೋಲುವ ಸರಗಳನ್ನು ತೆಗೆದಿಡಬೇಕು. 12 ವೋಲ್ಟು ಹೊಡೆಯದು, ಆದರೆ ಎರಡು ತುದಿಗಳ ನಡುವೆ ಸಿಕ್ಕ ಬಳೆಯ ಮೂಲಕ ನೂರಾರು ಆಂಪಿಯರು ಹರಿದು ಅದು ಕೆಂಡವಾಗುತ್ತದೆ. ಆಮ್ಲ ಕಣ್ಣಿಗೆ ಸಿಡಿದರೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ನಲ್ಲಿಯ ನೀರಿನಲ್ಲಿ ತೊಳೆದು, ಬಳಿಕ ವೈದ್ಯರಲ್ಲಿಗೆ ಹೋಗಬೇಕು.

ಮೊಬೈಲು, ತಂತಿಯಿಲ್ಲದ ಸ್ಪೀಕರು, ಕಿವಿಯೊಳಗಿನ ಪುಟ್ಟ ಶ್ರವಣಿ ಇವುಗಳಲ್ಲಿರುವುದು 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನು ಬ್ಯಾಟರಿ. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡಬಾರದು, ಒತ್ತಬಾರದು, ಚುಚ್ಚಬಾರದು. ದಿಂಬಿನಡಿ ಇಟ್ಟು ಚಾರ್ಜು ಮಾಡುತ್ತಾ ಮಲಗುವ ಅಭ್ಯಾಸ ನಮ್ಮ ತರುಣರಲ್ಲಿದೆ. ಶಾಖ ಹೊರಹೋಗಲು ದಾರಿಯಿಲ್ಲದೆಡೆ ಈ ಬ್ಯಾಟರಿ ಹತ್ತಿದರೆ ಆರಿಸುವುದು ಸುಲಭವಲ್ಲ.

ಹಾಡಿನ ಪೆಟ್ಟಿಗೆಗೆ ಬರೋಣ. ರಾಜ್ಯೋತ್ಸವದ ವೇದಿಕೆಯಲ್ಲಿ ಮೈಕು ಹಿಡಿದವರಿಗೆ ತುಟಿಗೆ ಚುರುಕ್ಕೆಂದುದು ಹಲವರಿಗೆ ಅನುಭವವಿದ್ದೀತು. ಆಂಪ್ಲಿಫೈಯರಿನಲ್ಲಿ ಗುಂಯ್‌ಗುಡುವ ಸದ್ದು ನಿಲ್ಲಲೆಂದು ಪ್ಲಗ್ಗಿನ ಮೂರನೆಯ ಪಿನ್ನನ್ನು ತೆಗೆದುಹಾಕುವ ಜಾಣರಿದ್ದಾರೆ. ಆ ಪಿನ್ನೇ ಭೂಸಂಪರ್ಕ. ಪೆಟ್ಟಿಗೆಯ ಲೋಹಕ್ಕೆ ವಿದ್ಯುತ್ತು ಸೋರಿದಾಗ ಮನುಷ್ಯನ ಬದಲು ಅದು ಹೊರುತ್ತದೆ. ಮನೆಯ ಮೀಟರು ಹಲಗೆಯಲ್ಲಿ 30 ಮಿಲಿಆಂಪಿಯರಿಗೆ ಕಡಿಯುವ ರಕ್ಷಕ ಸ್ವಿಚ್ಚನ್ನು ಹಾಕಿಸಿಕೊಂಡರೆ ಇನ್ನೂ ಕ್ಷೇಮ. ಪ್ಲಗ್ಗು ಕಿತ್ತ ಮೇಲೂ ಆಂಪ್ಲಿಫೈಯರಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ನಿಂತಿರುತ್ತದೆಯಾದ್ದರಿಂದ ಮುಚ್ಚಳ ಬಿಚ್ಚುವ ಕುತೂಹಲ ಬೇಡ.

ಕಿವಿಯ ಮಾತನ್ನೂ ಆಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದಾದ ಮಟ್ಟ 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್ಲಿಗೆ ವಾರಕ್ಕೆ ನಾಲ್ಕೇ ಗಂಟೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಬಸ್ಸಿನಲ್ಲಿ, ಲೋಕಲ್ ರೈಲಿನಲ್ಲಿ ಹೊರಗಿನ ಗದ್ದಲವನ್ನು ಮೀರಿಸಲೆಂದು ಸದ್ದನ್ನು ಏರಿಸುವುದೇ ಹೆಚ್ಚು ಕೆಡುಕು. ಪಕ್ಕದಲ್ಲಿ ಕುಳಿತವರು ಸಹಜವಾಗಿ ಆಡಿದ ಮಾತು ಕೇಳಿಸದಿದ್ದರೆ ಸದ್ದು ಹೆಚ್ಚಾಗಿದೆಯೆಂದೇ ತಿಳಿಯಿರಿ.

ಕಡೆಯದಾಗಿ, ತೀರಿದ ಸೆಲ್ಲುಗಳನ್ನು ಏನು ಮಾಡುವುದು? ಕಸದ ಬುಟ್ಟಿಗೆ ಹಾಕಿದರೆ ಅವು ಸೇರುವುದು ನಮ್ಮ ನೆರೆಯ ಕೊಡುಂಗೈಯೂರಿನ ಕಸದ ಗುಡ್ಡವನ್ನು. ಅಲ್ಲಿ ಬೆಂಕಿ ಬಿದ್ದಾಗ ಹೊಗೆ ಬರುವುದೂ ನಮ್ಮ ಕಡೆಗೇ. ತೀರಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ಕೇಂದ್ರ ಸರ್ಕಾರದ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಇನ್ವರ್ಟರ್ ಬ್ಯಾಟರಿಯನ್ನು ಅಂಗಡಿಯವರೇ ಬೆಲೆ ಕೊಟ್ಟು ಒಯ್ಯುತ್ತಾರೆ. ಚಿಕ್ಕ ಬಿಲ್ಲೆಗಳನ್ನು ಕೇಳುವವರಿಲ್ಲ. ಒಂದೊಂದರ ಎರಡು ಮುಖಗಳಿಗೂ ಅಂಟುಪಟ್ಟಿ ಹಚ್ಚಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆಟುಕದ ಅಟ್ಟದ ಮೇಲಿಟ್ಟು, ಡಬ್ಬಿ ತುಂಬಿದಾಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ನಮ್ಮ ಮನೆಯ ಡಬ್ಬಿ ಹಳೆಯ ಹಾರ್ಲಿಕ್ಸ್ ಶೀಸೆ. ಅದರ ಮೇಲೆ ಸೊಸೆ ಕನ್ನಡದಲ್ಲಿಯೂ, ಕೆಲಸದಾಕೆಗೆ ತಿಳಿಯಲೆಂದು ತಮಿಳಿನಲ್ಲಿಯೂ, “ಮುಟ್ಟಬೇಡಿ” ಎಂದು ಬರೆದಂಟಿಸಿದ್ದಾಳೆ.