ಮೊದಲು ಊಟ, ಆಮೇಲೆ ಬಾಟಲಿ

ಮಗಾ, ಭಾನುವಾರ ಗೆಳೆಯರನ್ನು ಮನೆಗೆ ಊಟಕ್ಕೆ ಕರೆದಿದ್ದೀಯ. ಜೊತೆಗೆ ಒಂದು ಬಾಟಲಿ ವೈನ್ ಇರಲಿ ಅಂತ ನಿನಗೂ ಸೊಸೆಗೂ ಆಸೆ. ಎರಡು ಸಾವಿರದ್ದು ತರಲೋ, ಮೂರು ಸಾವಿರದ್ದು ತರಲೋ ಎಂದು ನನ್ನನ್ನು ಕೇಳಿದೆ. ಎರಡೂ ಬೇಡ. ಸಾವಿರ ರೂಪಾಯಿಯೊಳಗಿನ ಬಾಟಲಿ ಧಾರಾಳವಾಗಿ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಮಾಂಸ, ತಾಜಾ ತರಕಾರಿ ತಾ. ನೀನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ: ಅವತ್ತು ಒಲೆಯ ಮೇಲೆ ಏನಿರುತ್ತದೆ? ಅದನ್ನು ಹೇಳು, ಯಾವ ವೈನ್ ಎಂದು ನಾನು ಹೇಳುತ್ತೇನೆ. ಅಡುಗೆ ಏನೆಂದು ಗೊತ್ತಿಲ್ಲದೆ ವೈನ್ ಕೊಳ್ಳಲು ಹೋಗಬೇಡ.

ಬೆಲೆ ಹೆಚ್ಚಾದಷ್ಟೂ ರುಚಿ ಹೆಚ್ಚು ಎಂದು ನಂಬಿದವರು ಬಹಳ ಮಂದಿ. 2008ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. 90 ಡಾಲರಿನ ಒಂದೇ ವೈನನ್ನು ಒಮ್ಮೆ 90 ಡಾಲರಿನದು ಎಂದೂ ಇನ್ನೊಮ್ಮೆ 10 ಡಾಲರಿನದು ಎಂದೂ ಹೇಳಿ ಕೊಟ್ಟರು. 90 ಎಂದು ಕೇಳಿದಾಗ ಕುಡಿದವರಿಗೆ ಅದೇ ವೈನ್ ಹೆಚ್ಚು ರುಚಿಸಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬೆಲೆ, ಹೆಸರು ಎರಡನ್ನೂ ಮುಚ್ಚಿಟ್ಟು 6,000ಕ್ಕೂ ಹೆಚ್ಚು ಸಲ ರುಚಿ ನೋಡಿಸಿದರು. ತರಬೇತಿಯಿಲ್ಲದ ಸಾಮಾನ್ಯರು ದುಬಾರಿ ವೈನನ್ನು ಮೆಚ್ಚಿದ್ದು ತುಸು ಕಡಿಮೆಯೇ. ನಿನ್ನ ಗೆಳೆಯರೂ ನೀನೂ ಸಾಮಾನ್ಯರೇ. ನಾಲಗೆಗೆ ಹಿತವಾದದ್ದನ್ನು ಹಿತವೆಂದು ಒಪ್ಪಿಕೊಳ್ಳಲು ಸಂಕೋಚ ಪಡಬೇಕಾಗಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕನ್ನಡದ ಮಕ್ಕಳು ಅಕ್ಕಿ, ಬೇಳೆ, ಹಾಲಿನ ಜೊತೆಗೇ ವೈನನ್ನೂ ಗಾಡಿಗೆ ಹಾಕಿಕೊಂಡು ಬರುತ್ತಾರೆ. ಅಲ್ಲಿ ಟ್ರೇಡರ್ ಜೋಸ್ ಎಂಬ ದಿನಸಿ ಅಂಗಡಿ 2002ರಲ್ಲಿ ಚಾರ್ಲ್ಸ್ ಶಾ ಎಂಬ ವೈನನ್ನು 1 ಡಾಲರ್ 99 ಸೆಂಟಿಗೆ ಮಾರಲು ಶುರುಮಾಡಿತು. 2007ರ ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ಸ್ಪರ್ಧೆಯಲ್ಲಿ ಚಾರ್ಲ್ಸ್ ಶಾ ಹೆಸರಿನ ಶಾರ್ಡೊನೆ ಎಂಬ ಬಿಳಿ ವೈನೇ ಆ ರಾಜ್ಯದ ಅತ್ಯುತ್ತಮ ಶಾರ್ಡೊನೆ ಎನಿಸಿಕೊಂಡಿತು. ಅಗ್ಗದ ಬಾಟಲಿಯನ್ನು ತಲೆಯೆತ್ತಿ ಮೇಜಿನ ಮೇಲಿಡಲು ಇಷ್ಟು ಸಾಕು.

ನಮ್ಮಲ್ಲಿ ಕಿರಾಣಿ ಅಂಗಡಿಯಲ್ಲಿ ವೈನ್ ಸಿಗುವುದಿಲ್ಲ. ಮಹಾರಾಷ್ಟ್ರ ಸರ್ಕಾರ 2022ರ ಜನವರಿಯಲ್ಲಿ ಸೂಪರ್ ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಒಪ್ಪಿಗೆ ಕೊಟ್ಟಿತು, ವಿರೋಧ ಜೋರಾಗಿ ಅದು ಅಲ್ಲಿಗೇ ನಿಂತಿತು. ಕರ್ನಾಟಕ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ದ್ರಾಕ್ಷಾರಸ ಮಂಡಳಿ ಕಟ್ಟಿತು, ವೈನ್ ಮಾತ್ರ ಮಾರುವ ಮಳಿಗೆಗಳಿಗೆ ದಾರಿ ಮಾಡಿಕೊಟ್ಟಿತು. ಅಂಥ ಮಳಿಗೆ ಹತ್ತಿರವಿದ್ದರೆ ಅಲ್ಲಿಗೇ ಹೋಗು. ಇಲ್ಲವಾದರೆ ಪರವಾನಗಿ ಇರುವ ಮದ್ಯದಂಗಡಿಯೇ ಗತಿ. ಅಲ್ಲಿ ವಿಸ್ಕಿ, ಬ್ರಾಂದಿ ಬೇಗ ಖರ್ಚಾಗುತ್ತವೆ, ವೈನ್ ಮೂಲೆಯಲ್ಲಿ ನಿಂತಿರುತ್ತದೆ. ಆದ್ದರಿಂದ ಬಾಟಲಿಯನ್ನು ಕೈಗೆತ್ತಿಕೊಂಡು ನೋಡು. ಬಿಸಿಲು ಬೀಳುವ ಗಾಜಿನ ಬಳಿ ಇಟ್ಟದ್ದನ್ನು ಮುಟ್ಟಬೇಡ. ಚೀಟಿಯಲ್ಲಿ ಕೊಯ್ಲಿನ ವರ್ಷ ಇದ್ದರೆ ಓದು. ಅಗ್ಗದ ವೈನ್ ವರ್ಷಗಟ್ಟಲೆ ಇಟ್ಟು ಕುಡಿಯಲು ಮಾಡಿದ್ದಲ್ಲ. ಬಿಳಿಯದು ಎರಡು ವರ್ಷದೊಳಗಿನದು, ಕೆಂಪು ಮೂರು ವರ್ಷದೊಳಗಿನದು ಇದ್ದರೆ ಒಳ್ಳೆಯದು. ಕಾರ್ಕಿನ ಸುತ್ತ ಸೋರಿದ ಕಲೆ ಕಂಡರೆ ವಾಪಸ್ ಇಡು. ತಿರುಗಿಸಿ ತೆಗೆಯುವ ಮುಚ್ಚಳವಿದ್ದರೆ ಕೀಳೆಂದು ಭಾವಿಸಬೇಡ. ಬೇಗ ಕುಡಿದು ಮುಗಿಸುವ ವೈನಿಗೆ ಅದೇ ಸರಿಯಾದ ಮುಚ್ಚಳ. ಇಬ್ಬರೇ ಇರುವ ದಿನಕ್ಕೆ 375 ಮಿಲಿಲೀಟರಿನ ಅರ್ಧ ಬಾಟಲಿ ಕೇಳು. ಎಂಆರ್‌ಪಿ ನೋಡಿಯೇ ದುಡ್ಡು ಎಣಿಸು.

ಸುಂಕ ಕಟ್ಟಿ ದೂರದೇಶದಿಂದ ಬಂದ ಬಾಟಲಿಗಿಂತ, ಅದೇ ದುಡ್ಡಿಗೆ ನಮ್ಮ ನೆಲದ್ದು ಮೇಲು. ಕನ್ವಲ್ ಗ್ರೋವರ್ ಅವರು 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ, ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ನೆಟ್ಟರು. 1992ರಲ್ಲಿ ಅವರ ಮೊದಲ ವೈನ್ ಹೊರಬಂತು. ನಮ್ಮ ಮೈಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಚನ್ನಪಟ್ಟಣದ ಬಳಿ ನಾಸಿಕದ ಸುಲಾ ಕಂಪನಿಯ ವೈನರಿ ಇದೆ, ಬೇಕಾದರೆ ಒಳಹೊಕ್ಕು ನೋಡಿಬರಬಹುದು. ನಮ್ಮ ಹವೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ಅದಕ್ಕೇ ರೈತ ವರ್ಷಕ್ಕೆ ಎರಡು ಸಲ ಚಾಟಣಿ ಮಾಡುತ್ತಾನೆ. ಬೇಸಿಗೆಯಲ್ಲಿ ಒಮ್ಮೆ, ಮಳೆ ಇಳಿದ ಮೇಲೆ ಇನ್ನೊಮ್ಮೆ. ವೈನಿನ ಹಣ್ಣು ಕೊಯ್ಯುವುದು ಮಾತ್ರ ವರ್ಷಕ್ಕೆ ಒಂದೇ ಬಾರಿ, ಮಳೆಯಿಲ್ಲದ ತಿಂಗಳುಗಳಲ್ಲಿ. ಆ ಶ್ರಮದ ಬೆಲೆ ತಿಳಿದವನು ಲೋಟದಲ್ಲಿ ಬಿಟ್ಟು ಏಳುವುದಿಲ್ಲ.

ಇನ್ನು ಬೆಂಗಳೂರು ನೀಲಿ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆಯ ಈ ಕಪ್ಪು ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅಗ್ಗದ ಸಿಹಿ ಪೋರ್ಟ್ ವೈನ್ ಬಹುಮಟ್ಟಿಗೆ ಇದರಿಂದಲೇ ಆಗುವುದು. ಸೇಂಟ್ ಫಿಲೋಮಿನಾ ಚರ್ಚಿಗೆ ಹೋಗುವ ನಮ್ಮಂಥ ಮನೆಗಳಲ್ಲಿ ಕ್ರಿಸ್‌ಮಸ್ ದಿನ ಪ್ಲಮ್ ಕೇಕಿನ ಜೊತೆ ಪುಟ್ಟ ಲೋಟದಲ್ಲಿ ಕೊಡುವುದು ಈ ಬಗೆಯ ಸಿಹಿ ವೈನನ್ನೇ. ಊಟದ ಜೊತೆಗೆ ಇದು ಸಲ್ಲದು, ಎಲ್ಲ ರುಚಿಯನ್ನೂ ಸಿಹಿ ಮುಚ್ಚಿಬಿಡುತ್ತದೆ. ಕೇಕಿಗೆ ಮಾತ್ರ ಇಟ್ಟುಕೋ.

ಈಗ ನಮ್ಮ ಅಡುಗೆಗೆ ಬರೋಣ. ವೈನಿನ ಪುಸ್ತಕಗಳು ಚೀಸು, ಸುಟ್ಟ ಮಾಂಸ ಎಂದು ಬರೆಯುತ್ತವೆ. ನಮ್ಮ ತಟ್ಟೆಯಲ್ಲಿರುವುದು ಖಾರ, ಹುಳಿ ಮತ್ತು ಜಿಡ್ಡು. ಈ ಮೂರನ್ನು ತಿಳಿದರೆ ಸಾಕು.

ಖಾರಕ್ಕೆ ಒಗರು ಶತ್ರು. ಕೆಂಪು ವೈನಿನಲ್ಲಿ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬಂದ ಟ್ಯಾನಿನ್ ಎಂಬ ಒಗರು ಇರುತ್ತದೆ. ಮೆಣಸಿನಕಾಯಿಯಿಂದ ಮೊದಲೇ ಉರಿಯುತ್ತಿರುವ ಬಾಯಿಗೆ ಆ ಒಗರೂ ಮದ್ಯಸಾರದ ಕಾವೂ ಸೇರಿದರೆ ಉರಿ ಇಮ್ಮಡಿ. ಅದೇ ಬಾಯಿಗೆ ತಣ್ಣಗಿನ, ಒಂದಿಷ್ಟು ಸಿಹಿಯಿರುವ ಬಿಳಿ ವೈನ್ ಬಿದ್ದರೆ ಖಾರ ತಗ್ಗಿ ಮಸಾಲೆಯ ಘಮ ಮೇಲೇಳುತ್ತದೆ. ಶೆನಿನ್ ಬ್ಲಾಂಕ್ ಎಂಬ ಹೆಸರನ್ನು ನೆನಪಿಟ್ಟುಕೋ. ನಮ್ಮ ದೇಶದಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವ, ನಮ್ಮ ಖಾರಕ್ಕೆ ಒಗ್ಗುವ ವೈನ್ ಅದು.

ಹುಳಿಗೆ ಹುಳಿಯೇ ಜೋಡಿ. ಹುಣಸೆ, ಟೊಮೆಟೊ, ನಿಂಬೆ ಹಾಕಿದ ಅಡುಗೆಯ ಮುಂದೆ ಹುಳಿಯಿಲ್ಲದ ವೈನ್ ಸಪ್ಪೆಯಾಗುತ್ತದೆ. ಬಿಸಿಬೇಳೆಬಾತ್, ಹುಳಿ, ಗೊಜ್ಜು ಇದ್ದ ದಿನ ಸೊವಿನ್ಯೋಂ ಬ್ಲಾಂಕ್ ಎಂಬ ಹುಳಿಯಾದ ಬಿಳಿ ವೈನ್ ತಾ. ನಿಂಬೆ ಹಿಂಡಿದ ಮೀನು ಫ್ರೈಗೂ ಇದೇ ಸರಿ. ಮೀನಿನ ಜೊತೆ ಕೆಂಪು ವೈನ್ ಬೇಡ ಎನ್ನುವುದು ಬರೀ ಶಾಸ್ತ್ರವಲ್ಲ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯೊಡನೆ ಸೇರಿದಾಗ ಬಾಯಲ್ಲಿ ನೀಚು ವಾಸನೆ ಉಳಿಯುತ್ತದೆ.

ಜಿಡ್ಡಿಗೆ ಒಗರು ಮಿತ್ರ. ಕೊಬ್ಬಿರುವ ಮಟನ್ ಚಾಪ್ಸ್, ಕೈಮಾ ಉಂಡೆ, ಕೆಂಡದ ಮೇಲೆ ಸುಟ್ಟ ಶೀಕ್ ಕಬಾಬ್ ಇವುಗಳ ಮುಂದೆ ಟ್ಯಾನಿನ್ ಮೆತ್ತಗಾಗುತ್ತದೆ, ಜಿಡ್ಡೂ ನಾಲಗೆ ಬಿಟ್ಟು ಹೋಗುತ್ತದೆ. ಅಲ್ಲಿ ಶಿರಾಜ್ ಎಂಬ ಕೆಂಪು ವೈನ್ ತೆರೆ. ಆದರೆ ಮಾಂಸಕ್ಕೆ ಮೆಣಸಿನಕಾಯಿ ಕಡಿಮೆ, ಕಾಳುಮೆಣಸು ಹೆಚ್ಚು ಇರುವಂತೆ ನೋಡಿಕೋ. ಶಿರಾಜಿನಲ್ಲೇ ಕಾಳುಮೆಣಸಿನ ಘಾಟು ಇರುತ್ತದೆ, ಎರಡೂ ಚೆನ್ನಾಗಿ ಹೊಂದುತ್ತವೆ.

ನಮ್ಮ ರಾಜೀವನಗರದಲ್ಲಿ ಬಿರಿಯಾನಿಗೆ ಬರವಿಲ್ಲ. ಬಿರಿಯಾನಿಯಲ್ಲಿ ಖಾರವೂ ಇದೆ, ತುಪ್ಪದ ಜಿಡ್ಡೂ ಇದೆ, ಪಕ್ಕದ ದಾಲ್ಚಾದಲ್ಲಿ ಹುಳಿಯೂ ಇದೆ. ಮೂರಕ್ಕೂ ಸಮನಾಗಿ ನಿಲ್ಲುವುದು ರೋಸೆ ಎಂಬ ತಣ್ಣಗಿನ ನಸುಗೆಂಪು ವೈನ್. ಅದರಲ್ಲಿ ಒಗರು ಅತ್ಯಲ್ಪ, ಹುಳಿ ಸಾಕಷ್ಟು, ಕೆಂಪು ಹಣ್ಣಿನ ಪರಿಮಳ ಮಸಾಲೆಗೆ ತಕ್ಕಷ್ಟು. ನಿನ್ನ ಭಾನುವಾರಕ್ಕೆ ಬಿರಿಯಾನಿ ಎಂದಾದರೆ ಒಂದು ರೋಸೆ ಸಾಕು, ಇನ್ನೇನೂ ಯೋಚಿಸಬೇಡ.

ಸಸ್ಯಾಹಾರಿಗಳು ಬಂದರೆ ಈರನಗೆರೆ ಬದನೆಕಾಯಿಯ ಎಣ್ಣೆಗಾಯಿ ಮಾಡಿಸು. ಒಮ್ಮೆ ಹೀಗೆ ಮಾಡಿ ನೋಡು: ಮೊದಲು ಶೆನಿನ್ ಬ್ಲಾಂಕ್ ಮಾತ್ರ ಒಂದು ಗುಟುಕು ಕುಡಿ. ಆಮೇಲೆ ಕಡಲೆಬೀಜ, ಎಳ್ಳು, ಕೊಬ್ಬರಿ ತುಂಬಿದ ಬದನೆಕಾಯಿಯ ಒಂದು ತುಂಡನ್ನು ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟು ನಿಧಾನವಾಗಿ ಅಗಿ. ನುಂಗಿದ ಮೇಲೆ ಮತ್ತೆ ಒಂದು ಗುಟುಕು. ಮೊದಲ ಸಲ ಚುರುಕಾಗಿ ಹುಳಿಯೆನಿಸಿದ ಶೆನಿನ್ ಈಗ ದುಂಡಗೆ, ಹಣ್ಣಿನಂತೆ ಇರುತ್ತದೆ. ಉಪ್ಪೂ ಎಣ್ಣೆಯೂ ಹುಳಿಯ ಅಂಚನ್ನು ಸವೆಸುತ್ತವೆ. ಇದೇ ಪರೀಕ್ಷೆಯನ್ನು ಯಾವ ವೈನಿಗಾದರೂ ಮಾಡು. ಎರಡನೆಯ ಗುಟುಕು ಮೊದಲನೆಯದಕ್ಕಿಂತ ಹಿತವಾಗಿದ್ದರೆ ಜೋಡಿ ಕೂಡಿತು. ಕೆಟ್ಟದಾಗಿದ್ದರೆ ವೈನನ್ನು ಬದಿಗಿಟ್ಟು ಊಟ ಮುಂದುವರಿಸು.

ಎಲ್ಲದಕ್ಕೂ ವೈನ್ ಬೇಕೆಂದಿಲ್ಲ. ಮೈಸೂರು ಪಾಕಿನ ಮುಂದೆ ಯಾವ ವೈನೂ ನಿಲ್ಲದು, ತಿಂಡಿ ವೈನಿಗಿಂತ ಸಿಹಿಯಾದರೆ ವೈನ್ ಹುಳಿಯೆನಿಸುತ್ತದೆ. ಅಲ್ಲಿ ಫಿಲ್ಟರ್ ಕಾಫಿಯೇ ಸರಿ. ಮೊಸರನ್ನಕ್ಕೆ ಏನೂ ಬೇಡ.

ಬಡಿಸುವಾಗ ಒಂದು ಎಚ್ಚರ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎಂದು ಬರೆದವರು ಚಳಿದೇಶದವರು. ಅವರ ಕೋಣೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಮನೆಯೊಳಗೆ 30 ಡಿಗ್ರಿ ಮುಟ್ಟುತ್ತದೆ. ಆ ಶಾಖಕ್ಕೆ ವೈನಿನಿಂದ ಬರೀ ಮದ್ಯಸಾರದ ಘಾಟು ಹೊಡೆಯುತ್ತದೆ. ಕೆಂಪನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡು, ಬಿಳಿ ಮತ್ತು ರೋಸೆಯನ್ನು ಎರಡು ಮೂರು ಗಂಟೆ. ಅಗ್ಗದ ವೈನ್ ಸೊಗಸಾಗುವುದು ಈ ಒಂದು ಕೆಲಸದಿಂದ. ಐಸ್ ತುಂಡು ಹಾಕಿ ನೀರಾಗಿಸಬೇಡ. ಲೋಟಕ್ಕೆ ಅರ್ಧಕ್ಕಿಂತ ಕಡಿಮೆ ಸುರಿ, ಪರಿಮಳಕ್ಕೆ ಜಾಗ ಬೇಕು. ಉಳಿದದ್ದಕ್ಕೆ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಆಮೇಲೆ ಮಟನ್ ಬೇಯಿಸುವಾಗ ಪಾತ್ರೆಗೆ ಸುರಿದುಬಿಡು.

ಈಗ ಕೊಂಚ ಗಟ್ಟಿಯಾಗಿ ಹೇಳಬೇಕಾದ ಮಾತು. ನಮ್ಮ ಬೀದಿಯಲ್ಲಿ ಮುಸ್ಲಿಂ ಮನೆಗಳೇ ಹೆಚ್ಚು. ಅವರ ಧರ್ಮದಲ್ಲಿ ಮದ್ಯ ನಿಷಿದ್ಧ. ರಂಜಾನ್ ಬಂತೆಂದರೆ ನಮ್ಮ ಮನೆಗೂ ಸಮೋಸ, ಹಲೀಮ್ ಕಳಿಸುವ ಜನ ಅವರು. ಅವರಲ್ಲಿ ಯಾರಾದರೂ ಊಟಕ್ಕೆ ಬರುವ ದಿನ ಬಾಟಲಿ ಕಪಾಟಿನಲ್ಲೇ ಇರಲಿ. ಬೇರೆ ದಿನಗಳಲ್ಲೂ ಬಾಗಿಲು ತೆರೆದಿಟ್ಟು, ವರಾಂಡದಲ್ಲಿ ಕೂತು ಪ್ರದರ್ಶನ ಬೇಡ. ಖಾಲಿ ಬಾಟಲಿ ಬೀದಿಯಲ್ಲಿ ಬಿಡಬೇಡ. ಬಂದ ಗೆಳೆಯರಲ್ಲಿ ಒಬ್ಬರು ಬೇಡ ಎಂದರೆ ಮತ್ತೆ ಕೇಳಬೇಡ, ಕಾರಣವನ್ನೂ ಕೇಳಬೇಡ. ಬೆಂಗಳೂರು ನೀಲಿಯನ್ನು ಹಿಂಡಿ, ಸೋಸಿ, ತಣ್ಣಗೆ ಮಾಡಿ ಅಷ್ಟೇ ಅಂದದ ಲೋಟದಲ್ಲಿ ಕೊಡು. ಬಿರಿಯಾನಿಗೂ ಕಬಾಬಿಗೂ ಆ ರಸ ಬಲು ಚೆನ್ನಾಗಿ ಹೊಂದುತ್ತದೆ.

ಅಳತೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. 750 ಮಿಲಿಲೀಟರಿನ ಬಾಟಲಿ ಐದು ಲೋಟ. ನೂರಕ್ಕೆ ಹನ್ನೆರಡು ಹದಿಮೂರು ಪಾಲು ಮದ್ಯಸಾರವಿರುವ ವೈನಿನ 150 ಮಿಲಿಲೀಟರಿನಲ್ಲಿ ಸುಮಾರು 15 ಗ್ರಾಂ ಮದ್ಯಸಾರ ಹೊಟ್ಟೆಗೆ ಹೋಗುತ್ತದೆ. ವೈನ್ ಹೃದಯಕ್ಕೆ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ನಂಬಬೇಡ. ಆರೋಗ್ಯಕ್ಕೆ ನಿರಪಾಯ ಎನ್ನುವಂಥ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನಾವು ಇದನ್ನು ಕುಡಿಯುವುದು ರುಚಿಗೆ, ಜೊತೆಗೆ ಕೂತ ಹೊತ್ತಿನ ಸಂತೋಷಕ್ಕೆ. ಆ ಸಂತೋಷ ಒಂದು ಲೋಟದಲ್ಲಿ ಸಿಗುತ್ತದೆ, ಹೆಚ್ಚೆಂದರೆ ಎರಡರಲ್ಲಿ. ಖಾಲಿ ಹೊಟ್ಟೆಗೆ ಬೇಡ, ದಿನವೂ ಬೇಡ, ಬೇಸರ ಕಳೆಯಲು ಅಂತೂ ಬೇಡವೇ ಬೇಡ. ಗರ್ಭಿಣಿಯರಿಗೆ, ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಕೊಡಬೇಡ. ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ನಿನ್ನ ಮೇಜಿನಲ್ಲೂ ಅದೇ ಕಾನೂನು ನಡೆಯಲಿ. ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ದಾಟಿ ಗಾಡಿ ಓಡಿಸಿದರೆ ಅಪರಾಧ. ಆ ಲೆಕ್ಕ ಹಾಕುತ್ತ ಕೂರಬೇಡ, ಕುಡಿದವರು ಯಾರೂ ಗಾಡಿ ಮುಟ್ಟಬಾರದು ಅಷ್ಟೆ. ಆಟೋ ಹತ್ತಿಸಿ ಕಳಿಸು.

ಸಾವಿರ ರೂಪಾಯಿಯೊಳಗಿನ ಬಾಟಲಿ, ಮನೆಯಲ್ಲೇ ಮಾಡಿದ ಊಟ, ಮನಬಿಚ್ಚಿ ಮಾತಾಡುವ ನಾಲ್ಕು ಜನ. ಇಷ್ಟಿದ್ದರೆ ದೊಡ್ಡ ಹೋಟೆಲಿನ ಮೇಜಿಗೆ ಆಸೆ ಪಡಬೇಕಾಗಿಲ್ಲ. ಬೆಲೆಗೆ ಬೆರಗಾಗಬೇಡ, ನಿನ್ನ ನಾಲಗೆಯನ್ನು ನಂಬು, ಅಡುಗೆ ಮಾಡಿದವರನ್ನು ಮೊದಲು ಹೊಗಳು, ಲೋಟವನ್ನು ಆಮೇಲೆ ಎತ್ತು.